ಬಲಗಡೆಯ ಕಾಲಂ

ಹಣಮಮ್ಮ ಹತ್ತಿಯನ್ನು ಯಾವತ್ತೂ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಆ ದಿನ ಮಾತ್ರ ಎರಡು ಹಸಿರು ಕಾಗದಗಳಲ್ಲಿ ಸುತ್ತಿ ತಂದಳು. ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರಿ, ಬುಟ್ಟಿ ಖಾಲಿ ಮಾಡಿಕೊಂಡು ಚಂದ್ರಾಬಾಯಿಯ ಮನೆಯ ಕಟ್ಟೆಗೆ ಬಂದು ಕೂತಾಗ ಬಿಸಿಲು ಇಳಿಯುತ್ತಿತ್ತು.

"ಸೀರಿ ತುಂಡು ಮನ್ಯಾಗ ಮರತು ಬಂದೀನ್ರಿ ಬಾಯಾರ. ಬಸ್ ಸ್ಟ್ಯಾಂಡಿನ್ಯಾಗ ಒಬ್ಬಾವ ಈ ಕಾಗದ ಹಂಚಾಕತ್ತಿದ್ದ. ಪುಕಟ ಅಂದ. ಹಂಗಾರ ನಾಕು ಕೊಡಪ್ಪ ಅಂದೆ. ಎರಡೇ ಕೊಟ್ಟ, ಜಿಪುಣ."

ಚಂದ್ರಾಬಾಯಿ ನಕ್ಕು ಹತ್ತಿಯನ್ನು ಮೊರಕ್ಕೆ ಸುರಿದುಕೊಂಡಳು. ಹಣಮಮ್ಮ ತನ್ನ ಹೊಲದ ಬದುವಿನಲ್ಲಿ ನಾಲ್ಕು ಸಾಲು ಹತ್ತಿ ಹಾಕುತ್ತಿದ್ದದ್ದೇ ಈ ಮನೆಯ ದೀಪದ ಬತ್ತಿಗಾಗಿ. ಹನ್ನೊಂದು ವರ್ಷದಿಂದ ಅದು ತಪ್ಪಿರಲಿಲ್ಲ. ಬೀಜ ಬಿಡಿಸಿ, ಅರಳೆ ಹಿಂಜಿ, ಬೆರಳ ತುದಿಯನ್ನು ಹಾಲಿಗೆ ಅದ್ದಿ ತಿರುವಿದರೆ ಒಂದು ಹೂಬತ್ತಿ. ನೂರು ಬತ್ತಿಗೆ ಒಂದು ಹುಣಸೆಬೀಜ ಪಕ್ಕಕ್ಕೆ. ಲಕ್ಷ ಬತ್ತಿಯ ಹರಕೆ ಒಂದು ಸಲ ಮುಗಿದಿತ್ತು. ಎರಡನೆಯದು ಅರ್ಧಕ್ಕೆ ಬಂದಿತ್ತು. ಎಷ್ಟಾಯಿತು ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಹೇಳಿದರೆ ಪುಣ್ಯ ಕೇಳಿದವರ ಪಾಲಾಗುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದರು.

ಹಣಮಮ್ಮ ಹೋದ ಮೇಲೆ ನರಸಿಂಹ ಮಾಸ್ತರರು ಶಾಲೆಯಿಂದ ಬಂದರು. ಕೈಕಾಲು ತೊಳೆದು ಕೂತು ಎದುರಿಗಿದ್ದ ಹಸಿರು ಕಾಗದ, ಧ್ಯಾನ ಶಿಬಿರದ ಕರಪತ್ರ, ಎತ್ತಿಕೊಂಡರು. ಕಡಲೆ ಪೊಟ್ಟಣದ ಕಾಗದವನ್ನೂ ಓದದೆ ಬಿಡದ ಮನುಷ್ಯ. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೆ ಹೋಯಿತು.

"ಏ, ಕೇಳಿಲ್ಲಿ," ಎಂದರು. "'ಶಿಬಿರದ ನಂತರ: ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿರುತ್ತದೆ. ಎಣಿಸುವವಳು ಎಲ್ಲೋ ಹೋಗಿರುತ್ತಾಳೆ. ಒಳಗೆ ತಳ ಕಾಣುವ ಬಾವಿಯ ಹಾಗೆ ನೀರು ನಿಂತಿರುತ್ತದೆ. ಚಂದ್ರಾಬಾಯಿ, ಗೃಹಿಣಿ, ಕಮಲಾಪುರ.' ನಮ್ಮ ಊರಾಗ ಎಷ್ಟು ಮಂದಿ ಚಂದ್ರಾಬಾಯಿ ಅದಾರ?"

ಚಂದ್ರಾಬಾಯಿಯ ಕೈಯೊಳಗಿನ ಬತ್ತಿ ಬಿಚ್ಚಿಹೋಯಿತು.

ಮಾತು ಅವಳದ್ದೇ. ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಅದು ಶಿಬಿರದ ನಂತರದ್ದಲ್ಲ. ಹನ್ನೊಂದು ವರ್ಷದ ಹಿಂದಿನದು.

ಮೊದಲ ಸಲ ಅದು ಆದಾಗ ಅವಳು ಹಿಂದಿನ ಪಡಸಾಲೆಯಲ್ಲಿ ಕೂತಿದ್ದಳು. ಎದುರಿಗೆ ಹಿತ್ತಲು, ಒಂದು ಕೆಂಪು ಬಾಳೆಯ ಗಿಡ, ಬಾವಿ. ಬತ್ತಿ ತಿರುವುತ್ತ ತಿರುವುತ್ತ ಒಂದು ಹೊತ್ತಿನಲ್ಲಿ ಸುಮ್ಮನಾಗಿಬಿಟ್ಟಿತ್ತು. ಏನು ಸುಮ್ಮನಾಯಿತು ಎಂದು ಅವಳಿಗೆ ಹೇಳಲು ಬರುತ್ತಿರಲಿಲ್ಲ. ಎಚ್ಚರಾಗಿ ನೋಡಿದರೆ ಮುನ್ನೂರು ಬತ್ತಿ ಮುಗಿದಿದ್ದವು, ಒಂದೂ ಸಡಿಲಾಗಿರಲಿಲ್ಲ. ಆಮೇಲೆ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಅದು ಬರುತ್ತಿತ್ತು. ಕರೆದರೆ ಬರುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಒಂದೇ ಒಂದು ಸಂಶಯ ಅವಳನ್ನು ಕೊರೆಯುತ್ತಿತ್ತು: ಇದು ದೇವರ ಕಡೆಯದೋ, ಬರೀ ಮಂಪರೋ? ನಲವತ್ತೆಂಟರ ಹೆಂಗಸು ಕೂತಲ್ಲೇ ತೂಕಡಿಸುವುದನ್ನು ಧ್ಯಾನ ಎಂದುಕೊಂಡರೆ ಅದಕ್ಕಿಂತ ನಗೆಪಾಟಲು ಯಾವುದು?

ಆ ಸಂಶಯವೇ ಅವಳನ್ನು ತೊಂಬತ್ತೇಳರ ಬೇಸಿಗೆಯಲ್ಲಿ ಕಲಬುರಗಿಯ ಶಿಬಿರಕ್ಕೆ ಕರೆದುಕೊಂಡು ಹೋಗಿತ್ತು. ಕರೆದವಳು ನಾದಿನಿ ಭಾಗೀರಥಿ, ಮಾಸ್ತರರ ತಂಗಿ. ಮೂರು ವರ್ಷದ ಹಿಂದೆ ಅವಳ ಗಂಡ ಜಯತೀರ್ಥ ಆಫೀಸಿನ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿದ್ದ. ಅವನ ನೌಕರಿ ಇವಳಿಗೆ ಸಿಕ್ಕಿತ್ತು. ಬ್ರಹ್ಮಪುರದ ಮನೆಯಲ್ಲಿ ಒಬ್ಬಳೇ ಇದ್ದಳು. ಶಿಬಿರದ ಮೂರೂ ಮೆಟ್ಟಿಲು ಮುಗಿಸಿ ಈಗ ಅಲ್ಲಿ ಸ್ವಯಂಸೇವಕಿಯಾಗಿದ್ದಳು.

"ಏಳು ದಿನ ವೈನಿ," ಎಂದಿದ್ದಳು. "ಸಾವಿರದ ನೂರು. ಊಟ ಅವರದ್ದೇ."

"ಸಾವಿರದ ನೂರು ಕೊಟ್ಟು ಕಣ್ಣು ಮುಚ್ಚೋದು ಕಲೀಬೇಕೇನು?" ಎಂದಿದ್ದರು ಮಾಸ್ತರರು. "ನನ್ನ ಕ್ಲಾಸಿನಾಗ ಮೂವತ್ತು ಹುಡುಗರು ಪುಕಟ ಮುಚ್ತಾರ."

ಆದರೂ ಕಳಿಸಿದ್ದರು. ಸ್ಟೇಷನ್ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಜಮಖಾನೆ ಹಾಸಿ ಎಂಬತ್ತು ಮಂದಿಯನ್ನು ಕೂಡಿಸಿದ್ದರು. ಗುರೂಜಿ ಎನ್ನುವವರು ಟೀವಿಯಲ್ಲಿ, ಕ್ಯಾಸೆಟ್ಟಿನೊಳಗೆ ಮಾತ್ರ ಇದ್ದರು. ಎದುರಿಗೆ ಇದ್ದವರು ವಾಸುದೇವ ಸರ್ ಎಂಬ ಬಿಳಿ ಅಂಗಿಯ, ಮೆತ್ತಗಿನ ದನಿಯ ಮನುಷ್ಯ. ಇಲ್ಲಿ ಎಲ್ಲ ಮತದವರೂ ಬರುತ್ತಾರೆ, ಹಾಗಾಗಿ ಯಾವ ಕಾಗದದ ಮೇಲೂ ಯಾವ ದೇವರ ಹೆಸರೂ ಬೇಡ ಎಂದು ಅವರು ಮೊದಲ ದಿನವೇ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಇಮಾಮುದ್ದೀನ್ ಸಾಹೇಬರು ಒಪ್ಪಿ ತಲೆಯಾಡಿಸಿದ್ದರು. ಮೂರನೆಯ ದಿನ ಚಂದ್ರಾಬಾಯಿ ಧೈರ್ಯ ಮಾಡಿ ತನ್ನ ಸಂಶಯ ಕೇಳಿದಳು.

"ಕುಂತಾಗ ಒಮ್ಮೊಮ್ಮೆ ಎಲ್ಲಾ ಸುಮ್ಮನಾಗ್ತದರಿ. ಅದು ಧ್ಯಾನ ಹೌದೋ, ನಿದ್ದಿಯೋ? ಹೆಂಗ ತಿಳೀಬೇಕು?"

ವಾಸುದೇವ ಸರ್ ಬಹಳ ಪ್ರೀತಿಯಿಂದ ನಕ್ಕರು. "ಛಲೋ ಪ್ರಶ್ನಿ ಕೇಳಿದ್ರಿ ತಾಯಿ. ಅದು ಎರಡನೇ ಮೆಟ್ಟಿಲಿನಾಗ ಬರ್ತದ."

ಎರಡನೇ ಮೆಟ್ಟಿಲು ಎರಡೂವರೆ ಸಾವಿರ.

ಕೊನೆಯ ದಿನ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ನಡುವೆ ಗೆರೆ. ಎಡಗಡೆಯ ಕಾಲಂನಲ್ಲಿ 'ಶಿಬಿರಕ್ಕೆ ಮೊದಲು', ಬಲಗಡೆಯದರಲ್ಲಿ 'ಶಿಬಿರದ ನಂತರ'. ಚಂದ್ರಾಬಾಯಿ ಗಂಡನ ಶಾಯಿ ಪೆನ್ನು ತೆಗೆದು ಎಡಗಡೆ, ಬತ್ತಿಯ ಹೆಸರೆತ್ತದೆ, ಆ ಸಂಗತಿ ಬರೆದಳು. ಬಾಯಿಯಿಂದ ಹೇಳಬಾರದ್ದನ್ನು ಬರೆಯಬಹುದೇ ಎಂದು ಒಂದು ಗಳಿಗೆ ಕೈ ತಡೆದಿತ್ತು. ಓದಿದವರು ಯಾರಾದರೂ ಉತ್ತರ ಹೇಳಿಯಾರು ಎಂದು ಬರೆದೇಬಿಟ್ಟಳು. ಬಲಗಡೆ ಏನು ಬರೆಯುವುದೋ ತಿಳಿಯಲಿಲ್ಲ. ಬಹಳ ಯೋಚಿಸಿ 'ಕಾಲು ಮರಗಟ್ಟುತ್ತವೆ' ಎಂದು ಮಾತ್ರ ಬರೆದು, ಹಾಳೆಯನ್ನು ಒಟ್ಟು ಮಾಡುತ್ತಿದ್ದ ಭಾಗೀರಥಿಯ ಕೈಗೆ ಕೊಟ್ಟಿದ್ದಳು.

ಅಥವಾ ಹಾಗೆ ಬರೆದೆ ಎಂದು ಈಗ ಅನ್ನಿಸುತ್ತಿತ್ತು. ಹಸಿರು ಕಾಗದ ಬಂದ ಮೇಲೆ ಅದೂ ಗಟ್ಟಿಯಾಗಿ ಉಳಿಯಲಿಲ್ಲ. ಎಡಕ್ಕೆ ಬರೆಯುವುದನ್ನು ಬಲಕ್ಕೆ ಬರೆದೆನೇ? ಏಳು ದಿನ ಕಣ್ಣು ಮುಚ್ಚಿ ಕೂತು ಎದ್ದ ತಲೆ, ಯಾರಿಗೆ ಗೊತ್ತು?

ಮಾಸ್ತರರಿಗೆ ಬೇರೆಯ ನೋವು. "ಹನ್ನೊಂದು ವರ್ಷದಿಂದ ನನ್ನ ಮನ್ಯಾಗ ಕುಂತು ಬತ್ತಿ ಮಾಡ್ಲಿಕತ್ತೀದಿ. ನಾ ಬಸ್ ಸ್ಟ್ಯಾಂಡಿನ ಕಾಗದ ಓದಿ ತಿಳ್ಕೋಬೇಕಾತು."

"ಹೇಳೂವಂಥಾದ್ದಲ್ಲ ಅಂತ ಹೇಳಲಿಲ್ಲರಿ."

"ನನಗ ಹೇಳೂವಂಥಾದ್ದಲ್ಲ, ಅಚ್ಚು ಹಾಕಸೂವಂಥಾದ್ದು."

ಮಾರನೆಯ ದಿನದಿಂದ ಅವಳು ಹಿಂದಿನ ಪಡಸಾಲೆಯಲ್ಲಿ ಕೂತರೆ ಅವರು ಪುಸ್ತಕ ಹಿಡಿದು ಬಾಗಿಲ ಹತ್ತಿರ ಕೂಡತೊಡಗಿದರು. ಪುಟ ತಿರುವುವ ಸಪ್ಪಳ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ, "ಈಗ ಬಂತೇನು?" ಎಂದು ಕೇಳುತ್ತಿದ್ದರು. ಕುಹಕವಲ್ಲ, ನಿಜವಾಗಿಯೂ ತಿಳಿಯುವ ಆಸೆ. ಅದೇ ಇನ್ನೂ ಕಷ್ಟವಾಗುತ್ತಿತ್ತು. ಅವರು ಇಲ್ಲದಾಗಲೂ ಅವಳೇ ಬಾಗಿಲ ಕಡೆ ಕೂತವಳಂತೆ ತನ್ನನ್ನು ತಾನು ನೋಡುತ್ತಿದ್ದಳು. ಸ್ವಲ್ಪ ಸುಮ್ಮನಾಯಿತು ಅನ್ನುವಷ್ಟರಲ್ಲಿ 'ತಳ ಕಾಣುವ ಬಾವಿಯ ಹಾಗೆ' ಎಂಬ ಅಚ್ಚಿನ ಅಕ್ಷರ ಕಣ್ಣ ಮುಂದೆ ಬರುತ್ತಿತ್ತು. ಬಂದದ್ದು ಹೋಗುತ್ತಿತ್ತು. ಹದಿನೈದು ದಿನ ಕಳೆದವು. ಬತ್ತಿಗಳು ಸಡಿಲಾಗತೊಡಗಿದವು. ಇದು ಹೋದರೆ ತನಗೆ ಏನು ಉಳಿಯಿತು ಎಂದು ಒಂದು ಸಂಜೆ ಯೋಚಿಸಿ ಅವಳಿಗೆ ಹೆದರಿಕೆಯಾಯಿತು.

"ನಾ ಹೋಗಿ ನನ್ನ ಹಾಳಿ ನೋಡಿ ಬರ್ತೀನಿ," ಎಂದಳು.

ಮಾಸ್ತರರು ವಿಚಾರ ಮಾಡಿದರು. "ಒಂದು ಗುರ್ತು ನೆನಪಿಟ್ಕೋ. ನೀ ಕಿರಾಣಿ ಚೀಟಿಗೂ ಮ್ಯಾಲ ಶ್ರೀ ಹಾಕಲಾರದ ಬರಿಯೂದಿಲ್ಲ. ಅವರು ದೇವರ ಹೆಸರು ಬ್ಯಾಡ ಅಂದವರು. ಹಾಳಿ ಮ್ಯಾಲ ಶ್ರೀ ಇದ್ರ ನಿಂದು, ತಪ್ಪು ನಿಂದೇ. ಇರಲಿಲ್ಲ ಅಂದ್ರ ಅವರೇ ಕುಂತು ಬರದಾರ."

ಭಾನುವಾರ ಬೆಳಗಿನ ಬಸ್ಸಿಗೆ ಅವಳು ಹೊರಟಳು. ಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಅಭ್ಯಾಸಕ್ಕೆ ಒಂದು ಹಿಡಿ ಅರಳೆ. ಹುಮನಾಬಾದ ರಸ್ತೆಯ ಎರಡೂ ಬದಿ ತೊಗರಿ ಎದ್ದಿತ್ತು. ಅವಳು ನೋಡಲಿಲ್ಲ. ವಾಸುದೇವ ಸರ್ ಏನೇನು ಸುಳ್ಳು ಹೇಳಬಹುದು ಎಂದು ಲೆಕ್ಕ ಹಾಕುತ್ತ ಕೂತಿದ್ದಳು.

ಕೇಂದ್ರದ ಆಫೀಸು ಒಂದು ಔಷಧದ ಅಂಗಡಿಯ ಮೇಲಿನ ಎರಡು ಕೋಣೆ. ವಾಸುದೇವ ಸರ್ ಅವಳನ್ನು ಗುರುತಿಸಿ ಎದ್ದು ನಿಂತರು. ತಾವೇ ಹೂಜಿಯಿಂದ ನೀರು ಕೊಟ್ಟರು. ಆ ಮರ್ಯಾದೆಯೂ ಅವಳಿಗೆ ಅನುಮಾನಕ್ಕೇ ಕಾರಣವಾಯಿತು.

"ನನ್ನ ಹಾಳಿ ನೋಡಬೇಕಾಗಿತ್ತುರಿ."

"ಯಾಕ ತಾಯಿ?"

"ನಾ ಬರದದ್ದು ಒಂದು, ಅಚ್ಚಾದದ್ದು ಒಂದು ಅನ್ನಸ್ಲಿಕತ್ತದ."

ಅವರ ಮುಖ ಬಾಡಿತು. ಆದರೆ ಇಲ್ಲ ಎನ್ನಲಿಲ್ಲ. ಕಪಾಟಿನಿಂದ ದಪ್ಪ ಫೈಲು ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಹುಡುಕಿದರು. "ಸಾವಿರಾರು ಹಾಳಿ ಓದೀನಿ. ನಿಮ್ಮಂಥಾ ಮಾತು ಒಬ್ಬರೂ ಬರದಿಲ್ಲ. ಅದಕ್ಕ ಹಾಕಸಿದ್ವಿ. ಹೆಸರು ಹಾಕೋ ಮೊದಲ ಕೇಳಬೇಕಿತ್ತು, ಅದು ನಮ್ಮ ತಪ್ಪು." ಹಾಳೆ ಸಿಕ್ಕಿತು. ಅವಳ ಕಡೆ ತಿರುಗಿಸಿ ಇಟ್ಟರು.

ಚಂದ್ರಾಬಾಯಿ ಮೊದಲು ನೋಡಿದ್ದು ಹಾಳೆಯ ನೆತ್ತಿ. ಅಲ್ಲಿ ಚಿಕ್ಕದಾಗಿ ಶ್ರೀ ಇತ್ತು. ಎರಡೂ ಕಡೆ ಎರಡೆರಡು ಗೆರೆ.

ಹಾಗಾದರೆ ತಪ್ಪು ತನ್ನದೇ. ಇಲ್ಲದ್ದನ್ನು ತಾನೇ ಬರೆದುಕೊಟ್ಟು ಇವರ ಮೇಲೆ ಹೊರಿಸಲು ಬಂದೆನೇ?

ಆಮೇಲೆ ಕಣ್ಣು ಕೆಳಗಿಳಿಯಿತು. ನೀಲಿ ಬಾಲ್‌ಪೆನ್ನು. ಶಾಯಿಯಲ್ಲ. ಬಲಕ್ಕೆ ವಾಲಿದ ಅಕ್ಷರ. ಅವಳದ್ದು ನೆಟ್ಟಗಿನ ಕೈ. ಈ ವಾಲುವ ಕೈಯನ್ನು ಅವಳು ಇಪ್ಪತ್ತು ವರ್ಷದಿಂದ ಅಂಚೆಯವನು ತರುವ ಇನ್‌ಲ್ಯಾಂಡ್ ಪತ್ರಗಳಲ್ಲಿ ನೋಡಿದ್ದಳು. 'ತೀರ್ಥರೂಪ ಅಣ್ಣನವರಿಗೆ ಮತ್ತು ವೈನಿಯವರಿಗೆ' ಎಂದು ಶುರುವಾಗುವ ಪತ್ರಗಳು.

ಬಲಗಡೆ ಬಾವಿಯ ಮಾತು, ಒಂದಕ್ಷರ ಬಿಡದೆ ನಕಲು ಮಾಡಿದ್ದು. ಎಡಗಡೆ ಅವಳು ಎಂದೂ ಬರೆಯದ ಮಾತು: 'ರಾತ್ರಿ ನಿದ್ದೆ ಇಲ್ಲ. ಎದೆಯ ಮೇಲೆ ಯಾರೋ ಕೂತಂತೆ ಆಗುತ್ತದೆ. ಗೋಡೆಯ ಗಡಿಯಾರದ ಸಪ್ಪಳ ಬೆಳಗಿನ ತನಕ ಕೇಳುತ್ತೇನೆ.'

"ನಿಮ್ಮದೇ ಅಲ್ಲೇನ್ರಿ?" ಎಂದರು ವಾಸುದೇವ ಸರ್.

ಅವಳು ಎಡಗಡೆಯ ಕಾಲಂ ಅನ್ನು ಎರಡು ಸಲ ಓದಿದಳು. "ನಮ್ಮ ಮನೀದೇ," ಎಂದಳು.

ಅವರಿಗೆ ನಿರಾಳವಾಯಿತು. ಕುರ್ಚಿ ಮುಂದೆ ಎಳೆದುಕೊಂಡರು. "ಎರಡನೇ ಮೆಟ್ಟಿಲಿಗೆ ಬರ್ರಿ ತಾಯಿ. ನಿಮಗ ಅರ್ಧ ಫೀಸು. ಅಲ್ಲ, ಕೈ ತಾನಾಗೇ ಕೆಲಸ ಮಾಡ್ತದ ಅಂತ ಬರದೀರಲ್ಲ, ಅದು ಯಾವ ಕೆಲಸರಿ?"

ಕೇಳುತ್ತಲೇ ಅವರ ಕೈ ಪೆನ್ನಿನ ಟೊಪ್ಪಿಗೆ ತೆಗೆಯುತ್ತಿತ್ತು. ಅದು ಅವರಿಗೂ ಗೊತ್ತಾಗಲಿಲ್ಲವೇನೋ. ಚಂದ್ರಾಬಾಯಿಗೆ ಗೊತ್ತಾಯಿತು.

"ಮನೀ ಕೆಲಸರಿ," ಎಂದು ಎದ್ದಳು. "ಇನ್ನ ಮುಂದ ನನ್ನ ಹೆಸರು ಹಾಕಬ್ಯಾಡ್ರಿ."

ಭಾಗೀರಥಿ ಬಾಗಿಲು ತೆಗೆದವಳು ವೈನಿಯ ಮುಖ ನೋಡಿ ಬರ್ರಿ ಅನ್ನುವುದನ್ನೂ ಮರೆತಳು. ಒಳಗೆ ಮೆಂತೆಯ ಸೊಪ್ಪು ಅರ್ಧ ಬಿಡಿಸಿತ್ತು. ಗೋಡೆಯ ಮೇಲೆ ಜಯತೀರ್ಥನ ಫೋಟೋ, ಅದರ ಪಕ್ಕದಲ್ಲಿ ಒಂದು ಗಡಿಯಾರ. ಚಂದ್ರಾಬಾಯಿ ಅದನ್ನು ಮೊದಲೂ ನೋಡಿದ್ದಳು. ಅದು ಸಪ್ಪಳ ಮಾಡುತ್ತದೆ ಎಂದು ಮಾತ್ರ ಇವತ್ತು ತಿಳಿಯಿತು.

"ಆಫೀಸಿಗೆ ಹೋಗಿದ್ದೆ. ಹಾಳಿ ನೋಡಿದೆ."

ಭಾಗೀರಥಿ ಸೊಪ್ಪಿನ ಮುಂದೆ ಕೂತಳು. ನಾಲ್ಕು ಕಡ್ಡಿ ಬಿಡಿಸಿದಳು. "ನಿಮ್ಮನ್ನ ಕರ್ಕೊಂಡು ಬಂದಾಕಿ ನಾನು, ವೈನಿ. 'ಕಾಲು ಮರಗಟ್ಟತಾವ' ಅಂತ ಬರದು ಕೊಟ್ರ ನಾ ಅಲ್ಲೆ ಹೆಂಗ ಮುಖ ಎತ್ತಲಿ?"

"ಅದಕ್ಕ ನನ್ನ ಮಾತು ಎತ್ತಿ ಬಲಗಡೆ ಇಟ್ಟಿ."

"ಸುಳ್ಳು ಬರದಿಲ್ಲಲ್ಲ. ನಿಮಗ ಆಗಿದ್ದು ಖರೆ ಅಲ್ಲೇನು?"

"ಎಡಗಡೆ?"

ಭಾಗೀರಥಿ ತಲೆ ಎತ್ತಲಿಲ್ಲ. "ನಿಮ್ಮದು ಬಲಗಡೆ ಹೋತು, ಎಡಗಡೆ ಖಾಲಿ ಬಿತ್ತು. ಏನರೆ ಬರೀಬೇಕಿತ್ತು. ಕೈಗಿ ಅದೇ ಬಂತು."

ಗಡಿಯಾರ ನಡೆಯುತ್ತಿತ್ತು. ಚಂದ್ರಾಬಾಯಿ ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಇಲ್ಲಿಗೆ ಹೊಂದುತ್ತಿರಲಿಲ್ಲ.

"ನಾ ಮೂರು ಸಲ ರೊಕ್ಕ ಕಟ್ಟೀನಿ ವೈನಿ," ಎಂದಳು ಭಾಗೀರಥಿ. "ಮೂರು ಸಲ ಬಲಗಡೆ 'ಶಾಂತಿ' ಅಂತ ಬರದೀನಿ. ಎಲ್ಲಾರೂ ಬರೀತಾರ, ನಾನೂ ಬರದೆ. ನನಗ ಏನೂ ಬಂದಿಲ್ಲ. ನಿಮ್ಮ ಹಾಳಿ ಓದಿದಾಗ ಸಿಟ್ಟು ಬಂತು, ಖರೆ ಹೇಳ್ತೀನಿ. ಹಿತ್ತಲದಾಗ ಕುಂತಾಕಿಗೆ ಪುಕಟ ಬಂದದ ಅಂತ."

"ನನ್ನ ಹಾಳಿ ಏನು ಮಾಡಿದಿ? ಹರದಿ?"

ಭಾಗೀರಥಿ ಎದ್ದು ದೇವರ ಕೋಣೆಗೆ ಹೋದಳು. ದೇವರ ಪೆಟ್ಟಿಗೆಯ ಕೆಳಗಿನಿಂದ ನಾಲ್ಕು ಮಡಿಕೆಯ ಕಾಗದ ತಂದು ಕೊಟ್ಟಳು. "ಶ್ರೀ ಬರದಿದ್ರಿ. ಹರೀಲಿಕ್ಕೆ ಕೈ ಬರಲಿಲ್ಲ. ನಂದರ ಮ್ಯಾಲೂ ಶ್ರೀ ಹಾಕೀನಿ, ಬ್ಯಾಡ ಅಂದಿದ್ರೂ. ಅದು ಇಲ್ಲದ ಪೆನ್ನು ಮುಂದ ಹೋಗಲಿಲ್ಲ."

ಚಂದ್ರಾಬಾಯಿ ಬಿಚ್ಚಿ ನೋಡಿದಳು. ಶಾಯಿಯ ಅಕ್ಷರ. ಎಡಗಡೆ ಬಾವಿ, ಬಲಗಡೆ ಮರಗಟ್ಟಿದ ಕಾಲು. ತಲೆ ಕೆಟ್ಟಿರಲಿಲ್ಲ ಎಂದು ಸಮಾಧಾನವಾಯಿತು. ಆದರೆ ಆ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ತನ್ನದೇ ಕೈಯ ಬರಹ ಓದಿದರೂ ಅದು ಹಸಿರು ಕಾಗದದ ಮಾತಿನಷ್ಟೇ ದೂರದ್ದು ಅನ್ನಿಸಿತು. ಬಾವಿ ಎಂದು ಬರೆದಿದ್ದಳು. ಬಾವಿಯಂತೆ ಇತ್ತೇ ಅದು? ಆ ಹೊತ್ತಿನಲ್ಲಿ ನೋಡಿದವರು ಯಾರು?

"ನನಗ ಕಲಸ್ರಿ ವೈನಿ."

ಚಂದ್ರಾಬಾಯಿ, ನೀರು ಬೆರೆಸಿದೆಯೋ ಎಂದು ಹಾಲು ಕೊಳ್ಳುವಾಗ ನೋಡುವಂತೆ, ನಾದಿನಿಯ ಮುಖ ನೋಡಿದಳು. ಇದೂ ನಾಳೆ ಯಾವ ಹಾಳೆಗೆ ಹೋಗುತ್ತದೋ. "ಬತ್ತಿ ಮಾಡೋದು ನಿನಗ ಬರ್ತದಲ್ಲ. ನಮ್ಮ ಅತ್ತಿ ನನಗಿಂತ ಮೊದಲ ನಿನಗೇ ಕಲಿಸ್ಯಾರ."

"ಬತ್ತಿ ಅಲ್ಲ."

"ಬತ್ತಿ ಬಿಟ್ಟು ನನಗ ಬ್ಯಾರೆ ಏನೂ ಬರೂದಿಲ್ಲ."

ಹಾಗೆಂದು ಚೀಲದಿಂದ ಅರಳೆ ತೆಗೆದಳು. ಭಾಗೀರಥಿ ಬಟ್ಟಲಲ್ಲಿ ಹಾಲು ತಂದಿಟ್ಟಳು. ಇಬ್ಬರೂ ಗೋಡೆಗೆ ಒರಗಿ ಕೂತರು. ಭಾಗೀರಥಿಯ ಬೆರಳಿಗೆ ರೂಢಿ ತಪ್ಪಿತ್ತು. ಬತ್ತಿಯ ಬುಡ ದಪ್ಪ, ತುದಿ ಕೋಲಿನ ಹಾಗೆ. ಇಪ್ಪತ್ತು ಮುಗಿಯುವಷ್ಟರಲ್ಲಿ ಕೇಳಿದಳು:

"ಎಷ್ಟಾದ ಮ್ಯಾಲ ಬರ್ತದ ವೈನಿ?"

ಹದಿನೈದು ದಿನದಲ್ಲಿ ಮೊದಲ ಸಲ ಚಂದ್ರಾಬಾಯಿಗೆ ನಗು ಬಂತು. "ನಿಮ್ಮ ಅಣ್ಣನೂ ಹಿಂಗೇ ಕೇಳ್ತಾರ. ಒಂದ ರಕ್ತ."

ಇಬ್ಬರೂ ಮತ್ತೆ ಅರಳೆಗೆ ಕೈ ಹಾಕಿದರು. ಸೊಪ್ಪು ಹಾಗೇ ಬಾಡುತ್ತಿತ್ತು. ಚಂದ್ರಾಬಾಯಿ ಬಟ್ಟಲಿಗೆ ಬೆರಳು ಹಾಕಿದಾಗ ಹಾಲು ಮುಗಿದಿತ್ತು. ಕಿಟಕಿಯ ಬಿಸಿಲು ಫೋಟೋದಿಂದ ಇಳಿದು ಬಾಗಿಲಿಗೆ ಬಂದಿತ್ತು. ನಾಲ್ಕರ ಬಸ್ಸು ಹೋಗಿರಬೇಕು. ತನ್ನೊಳಗೆ ಅದು ಬಂದಿತ್ತೋ ಇಲ್ಲವೋ ಎಂದು ನೋಡುವುದನ್ನು ಅವಳು ಮರೆತಿದ್ದಳು. ಪಕ್ಕದಲ್ಲಿ ಭಾಗೀರಥಿ ಗೋಡೆಗೆ ತಲೆ ಆನಿಸಿ, ಕೈಯಲ್ಲಿ ಅರ್ಧ ಬತ್ತಿ ಹಿಡಿದು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಧ್ಯಾನವೋ ನಿದ್ದೆಯೋ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಚಂದ್ರಾಬಾಯಿ ಉಳಿದ ಅರಳೆಯನ್ನು ಅವಳ ಮಗ್ಗುಲಿಗಿಟ್ಟು, ಬಾಳೆಹಣ್ಣಿನ ಚಿಪ್ಪನ್ನು ಸೊಪ್ಪಿನ ಹತ್ತಿರ ಇಟ್ಟು, ಸಪ್ಪಳವಾಗದಂತೆ ಬಾಗಿಲು ಎಳೆದುಕೊಂಡು ಐದೂವರೆಯ ಬಸ್ಸಿಗೆ ನಡೆದಳು.

"ಶ್ರೀ ಇತ್ತೇನು?" ಮಾಸ್ತರರ ಮೊದಲ ಪ್ರಶ್ನೆ ಅದೇ.

"ಇತ್ತುರಿ."

"ಅಂದ್ರ ತಪ್ಪು ನಿಂದೇ."

"ಅವರದ್ದಂತೂ ಅಲ್ಲ," ಎಂದಳು. ಅವರು ಬಹಳ ಹೊತ್ತು ಅವಳ ಮುಖ ನೋಡಿದರು. ನಂಬಿದಂತೆ ಕಾಣಲಿಲ್ಲ. ಆದರೆ ಮಾರನೆಯ ದಿನ ಪುಸ್ತಕ ಹಿಡಿದು ಮುಂಬಾಗಿಲ ಕಟ್ಟೆಗೆ ಹೋಗಿ ಕೂತರು.

ಶ್ರೀ ಬರೆದ ಕಾಗದವನ್ನು ಹರಿಯುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ನೀರಿಗೆ ಬಿಡಬೇಕು. ಚಂದ್ರಾಬಾಯಿ ಹಿತ್ತಲಲ್ಲಿ ಒಂದು ಬಕೆಟ್ಟು ನೀರು ಸೇದಿ ತನ್ನ ಹಾಳೆಯನ್ನು ಅದರಲ್ಲಿ ಮುಳುಗಿಸಿದಳು. ಶಾಯಿ ದಾರದಂತೆ ಬಿಚ್ಚಿಕೊಂಡು ನೀರಿಗಿಳಿಯಿತು. ಮೊದಲು ಎಡಗಡೆಯದು ಹೋಯಿತು, ಬರೆದದ್ದು ಹೆಚ್ಚಿದ್ದರೂ. ಮರಗಟ್ಟಿದ ಕಾಲು ಸ್ವಲ್ಪ ಹೊತ್ತು ನಿಂತಿತ್ತು.

ಹಿತ್ತಲ ಬಾಗಿಲಿನಿಂದ ಹಣಮಮ್ಮ ಬಂದಳು. ಬಗ್ಗಿ ಬಕೆಟ್ಟಿನೊಳಗೆ ನೋಡಿದಳು.

"ಕಾಗದಾನೂ ತೊಳ್ಯಾಕ ಹತ್ತೀರೇನ್ರಿ ಬಾಯಾರ?"

"ಹೌದು."

"ಯಾರ ಪತ್ರರಿ?"

"ನಂದೇ."

ಹಣಮಮ್ಮ ನೀಲಿ ನೀರನ್ನು ಬಾಳೆಯ ಬುಡಕ್ಕೆ ಸುರಿಯಲು ಬಕೆಟ್ಟಿನ ಇನ್ನೊಂದು ಬದಿ ಹಿಡಿದಳು.

"ಬರೂ ವಾರ ಹತ್ತಿ ಎರಡು ಪಟ್ಟು ಬೇಕು ಹಣಮಮ್ಮ. ಕಲಬುರಗಿಗಿ ಕಳಸೋದದ."

"ಆ ಕಣ್ಣು ಮುಚ್ಚೋರಿಗೇನ್ರಿ?"

"ಅಲ್ಲ. ನಿದ್ದಿ ಬರಲಾರದವರಿಗಿ." ಖಾಲಿ ಬಕೆಟ್ಟನ್ನು ಬೋರಲು ಹಾಕುತ್ತ ಚಂದ್ರಾಬಾಯಿ ಇನ್ನೊಂದು ಮಾತು ಸೇರಿಸಿದಳು. "ಸೀರಿ ತುಂಡಿನ್ಯಾಗೇ ಕಟಗೊಂಡು ಬಾ. ಕಾಗದದಾಗ ಸುತ್ತಬ್ಯಾಡ."